ಏಕವಚನ

೪ ಜೂನ್ ೧೯೫೬, ಸೋಮವಾರ

ಇಂದು ಹೆಡ್‌ಮಿಸ್ಟ್ರೆಸ್ ಕುರ್ಚಿಯಲ್ಲಿ ಕುಳಿತೆ. ಕುರ್ಚಿ ಎತ್ತರ, ಕಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಮೇಜಿನ ಕೆಳಗೆ ಯಾರಿಗೂ ಕಾಣದು, ಸದ್ಯ.

ಏಕಾಂತಯ್ಯನವರು ತಮ್ಮ ತಾಯಿಯ ಹೆಸರಿನಲ್ಲಿ ಈ ಹೆಣ್ಣುಮಕ್ಕಳ ಶಾಲೆ ಕಟ್ಟಿಸಿದ ಹೊಸತರಲ್ಲಿ ನಾನು ಉಪಾಧ್ಯಾಯಿನಿಯಾಗಿ ಸೇರಿದಾಗ ಇಲ್ಲಿದ್ದದ್ದು ಎರಡು ಕೋಣೆ, ಒಂದು ಬೇವಿನ ಮರ. ಈಗ ಮಿಡ್ಲ್ ಸ್ಕೂಲು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅವರು ಮಕ್ಕಳೆದುರು ನಿಂತು, "ಕುಂಬಾರಕೊಪ್ಪಲಿನ ಹಾಲಿನ ಲಕ್ಷ್ಮಮ್ಮನ ಮಗಳು ಮಂಗಳಮ್ಮನವರು ಇಂದಿನಿಂದ ನಿಮ್ಮ ಹೆಡ್‌ಮಿಸ್ಟ್ರೆಸ್" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೂ ಹಾಲಿನ ಮಾತು ಬೇಡವಾಗಿತ್ತು.

ಅವ್ವ ನಿನ್ನೆಯೇ ಒಲೆಯ ಮುಂದೆ ಕೂತು ಕಜ್ಜಾಯ ಮಾಡಿದ್ದಳು. "ನೀನೊಬ್ಳೇ ತಿನ್ಬ್ಯಾಡ ಕಣ್ ಮಗ, ಎಲ್ಲಾ ಮೇಷ್ಟ್ರಮ್ಮಂದಿರ್ಗೂ ಕೊಡು" ಎಂದು ಡಬ್ಬಿ ಕೈಗಿತ್ತು ತಲೆ ಸವರಿದಳು. ಕಾಲಿಗೆ ಬಿದ್ದೆ. ಎದ್ದು ನೋಡಿದರೆ ಅವಳ ಕಣ್ಣು ತುಂಬಿತ್ತು. ಅಪ್ಪ ತೀರಿಕೊಂಡಾಗ ನಾನು ಇನ್ನೂ ಅಕ್ಷರ ಕಲಿಯದ ಮಗು, ತಮ್ಮ ಸಿದ್ದರಾಜು ಸೊಂಟದ ಮೇಲಿನ ಕೂಸು. ನನ್ನ ಬಿ.ಎ. ಅವ್ವನ ತಲೆಯ ಮೇಲಿನ ಮೊಸರಿನ ಗಡಿಗೆಯಲ್ಲಿ ಬಂದದ್ದು. ಮದುವೆಯ ಮಾತು ಬಂದಾಗಲೆಲ್ಲ "ಓದು ಮುಗೀಲಿ" ಎಂದು ನೆಂಟರ ಬಾಯಿ ಮುಚ್ಚಿಸಿದವಳೂ ಅವಳೇ.

ಮಧ್ಯಾಹ್ನ ಸ್ಟಾಫ್ ರೂಮಿಗೆ ಹೋದಾಗ ಎಲ್ಲರೂ ಎದ್ದು ನಿಂತರು. ಮೈ ಜುಮ್ಮೆಂದಿತು. ಕಮಲ ಮಾತ್ರ ಕುಳಿತಲ್ಲೇ ಕಜ್ಜಾಯ ಮುರಿಯುತ್ತ, "ಬಾರೇ ಮಂಗಳಾ, ನಿಮ್ಮಮ್ಮನ ಕೈರುಚಿ ಹಾಗೇ ಇದೆ ನೋಡು. ಅದೇನು ಬಾಗಿಲಲ್ಲೇ ನಿಂತುಬಿಟ್ಟೆ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ಬರೆಯುವಾಗ ಅನ್ನಿಸುತ್ತಿದೆ: ಅದರಲ್ಲಿ ನಗುವಂಥದ್ದೇನಿತ್ತು?

೧೧ ಜೂನ್

ಶಾಲೆಯ ಹಿಂದಿರುವ ಹೆಡ್‌ಮಿಸ್ಟ್ರೆಸ್ ಮನೆಗೆ ಸಾಮಾನು ತಂದೆ. ಅವ್ವ ಬರಲೊಪ್ಪಲಿಲ್ಲ. "ಎಮ್ಮೆಗೊಳ್ನ ಯಾರ್ ನೋಡ್ಕತಾರೆ? ಭಾನ್ವಾರ ಭಾನ್ವಾರ ಬಂದೋಗು, ಸಾಕು ಬುಡು" ಎಂದಳು. ಮನೆ ದೊಡ್ಡದು. ಮಾತಾಡಿದರೆ ಪ್ರತಿಧ್ವನಿ.

ಕಮಲಳ ವಿಷಯ ಯೋಚಿಸಬಾರದೆಂದುಕೊಂಡರೂ ಅದೇ ಬರುತ್ತದೆ. ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚು. ಅವಳು ಅಗ್ರಹಾರದ ವಕೀಲರ ಮಗಳು. ಅವರ ಮನೆಗೆ ಮೊಸರು ಹಾಕುತ್ತಿದ್ದವಳು ಅವ್ವ. ಆಗ ನನ್ನ ನಾಲಗೆಗೆ 'ಹ' ಬರುತ್ತಿರಲಿಲ್ಲ. ಹಾಲು 'ಆಲು', ಹೂವು 'ಊವು'. ಒಂದು ದಿನ ತರಗತಿಯಲ್ಲಿ ಎದ್ದು ನಿಂತು ಓದುವಾಗ ಹಾಗೆಯೇ ಓದಿಬಿಟ್ಟೆ. ಮಾರನೆಯ ದಿನದಿಂದ ಕಮಲ ನನ್ನನ್ನು ಕಂಡಾಗಲೆಲ್ಲ "ಆಲೂ... ಆಲು ಬಂತು ಆಲು" ಎಂದು ರಾಗ ಎಳೆಯುತ್ತಿದ್ದಳು, ಬೀದಿಯಲ್ಲಿ ಹಾಲು ಮಾರುವವರು ಕೂಗುವಂತೆ. ತರಗತಿಗೆ ತರಗತಿಯೇ ನಗುತ್ತಿತ್ತು. ಆಮೇಲೆ ಏನೂ ಆಗಿಲ್ಲವೆಂಬಂತೆ ಪಕ್ಕದಲ್ಲಿ ಕೂತು ತನ್ನ ತಿಂಡಿಯ ಡಬ್ಬಿಯನ್ನು ನನ್ನತ್ತ ತಳ್ಳುತ್ತಿದ್ದಳು. ನಾನು ತಿನ್ನುತ್ತಿದ್ದೆ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚು.

ಈಗ ಅವಳ ಸ್ಥಿತಿ ನೋಡಿದರೆ ಪಾಪ ಎನಿಸುತ್ತದೆ. ಗಂಡ ಅಶ್ವತ್ಥ ಅವರಿಗೆ ಕ್ಷಯ, ಸ್ಯಾನಟೋರಿಯಂನಲ್ಲಿದ್ದಾರೆ. ಮಕ್ಕಳಿಲ್ಲ. ತವರಿನಲ್ಲಿ ಯಾರೂ ಉಳಿದಿಲ್ಲ. ಹಳೆಯದನ್ನೆಲ್ಲ ಮರೆಯಬೇಕು. ಮರೆತಿದ್ದೇನೆ.

೨೧ ಜೂನ್

ಒಂದು ಒಳ್ಳೆಯ ದಿನ. ಕೆಸರೆಯಿಂದ ನಡೆದು ಬರುವ ಸುಮಿತ್ರ ಎಂಬ ಹುಡುಗಿ ಪಾಠ ಓದುತ್ತ 'ಹಕ್ಕಿ'ಯನ್ನು 'ಅಕ್ಕಿ' ಎಂದಳು. ಉಳಿದವರು ಗೊಳ್ಳೆಂದರು. ಮಗುವಿನ ಕಿವಿ ಕೆಂಪಾಯಿತು. ಅವಳನ್ನು ನನ್ನ ಕೋಣೆಗೆ ಕರೆದು, ನಾನೂ ಹೀಗೆಯೇ ಇದ್ದೆ ಎಂದು ಹೇಳಿದೆ. ಉರಿಯುವ ದೀಪದ ಮುಂದೆ ಬಾಯಿಟ್ಟು ಅಭ್ಯಾಸ ಮಾಡಬೇಕು. 'ಅ' ಎಂದರೆ ಕುಡಿ ಸುಮ್ಮನಿರುತ್ತದೆ, 'ಹ' ಎಂದರೆ ಅಲ್ಲಾಡುತ್ತದೆ. ಸುಮಿತ್ರ ಬಾಯಿ ಬಿಟ್ಟುಕೊಂಡು ಕೇಳಿದಳು. "ನೀವೂನಾ ಮಿಸ್?" ಎಂದಳು. ಇಬ್ಬರೂ ನಕ್ಕೆವು.

೧೯ ಜುಲೈ, ಗುರುವಾರ

ಶಾಲೆಗೆ ಹೈಸ್ಕೂಲಿನ ಮಂಜೂರಾತಿ ಕೇಳಿದ್ದೇವೆ. ಏಕಾಂತಯ್ಯನವರು, "ಎಲ್ಲಾ ನಿಮ್ಮ ಮೇಲಿದೆ ಅಮ್ಮಾ. ಇನ್‌ಸ್ಪೆಕ್ಟರು ಯಾವತ್ತಾದ್ರೂ ಬಂದಾರು" ಎಂದರು. ಅಂದಿನಿಂದ ಗೇಟಿನ ಸದ್ದಾದರೆ ಎದ್ದು ಕಿಟಕಿಗೆ ಹೋಗಿ ನೋಡುತ್ತೇನೆ. ಊಟ ಸೇರುವುದಿಲ್ಲ.

ಶಿಸ್ತು ಇರಬೇಕು. ಹೆಡ್‌ಮಿಸ್ಟ್ರೆಸ್ ಬಂದಾಗ ಉಪಾಧ್ಯಾಯಿನಿಯರು ಏಳಬೇಕು, ಶಾಲೆಯ ಆವರಣದಲ್ಲಿ ಪರಸ್ಪರ ಬಹುವಚನದಲ್ಲೇ ಮಾತಾಡಬೇಕು ಎಂದು ಸುತ್ತೋಲೆ ಹೊರಡಿಸಿದೆ. ಎಲ್ಲರಿಗೂ ಅನ್ವಯಿಸುವಂತೆಯೇ ಬರೆದದ್ದು. ಕಮಲಳೂ ರುಜು ಹಾಕಿದಳು. ಹಾಕಿ ಮಧ್ಯಾಹ್ನವೇ ಕಾರಿಡಾರಿನಲ್ಲಿ, "ಮಂಗಳಾ, ಸೀಮೆಸುಣ್ಣ ಮುಗಿದಿದೆ ಕಣೇ. ತರಿಸ್ತೀಯಾ?" ಎಂದಳು. ಹುಡುಗಿಯರೆದುರಿಗೆ!

"ಸುತ್ತೋಲೆ ಓದಲಿಲ್ಲವೆ?" ಎಂದೆ.

"ಅಯ್ಯೋ, ಹೌದಲ್ಲ! ಹದಿನೈದು ವರ್ಷದ ಅಭ್ಯಾಸ ಕಣೇ, ಬಾಯಿಗೆ ಬರೋದೇ ಇಲ್ಲ" ಎಂದು ನಕ್ಕು ಹೋದಳು.

ಸ್ಟಾಫ್ ರೂಮಿನ ಮುಂದೆ ಹಾದುಹೋಗುವಾಗ ಒಳಗೆ ನಗು ಕೇಳುತ್ತಿತ್ತು. ನನ್ನ ಹೆಜ್ಜೆಯ ಸದ್ದಿಗೆ ನಿಂತಿತು. ಸಂಜೆಯವರೆಗೂ ಅದೇ ಯೋಚನೆ. 'ಆಲು' ಹೇಳಿ ತೋರಿಸುತ್ತಿದ್ದಳೇ? ಕಿವಿಗೊಟ್ಟು ಕೇಳುವುದು ನನ್ನ ಸ್ಥಾನಕ್ಕೆ ತಕ್ಕದ್ದಲ್ಲ. ಸ್ವಲ್ಪ ಹೊತ್ತು ನಿಂತು ಬಂದೆ.

೨ ಆಗಸ್ಟ್

ಹೊಸ ವೇಳಾಪಟ್ಟಿ. ಮೇಲಿನ ತರಗತಿಯ ಹುಡುಗಿಯರಿಗೆ ಶಾಲೆ ಬಿಟ್ಟ ಮೇಲೆ ಕನ್ನಡದ ವಿಶೇಷ ಪಾಠ, ಕಮಲಳಿಗೆ. ಪರೀಕ್ಷೆಯ ದೃಷ್ಟಿಯಿಂದ ಇದು ಅಗತ್ಯ. ಅವಳಷ್ಟು ಚೆನ್ನಾಗಿ ಕನ್ನಡ ಹೇಳುವವರು ಇಲ್ಲ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸ್ಯಾನಟೋರಿಯಂನಲ್ಲಿ ರೋಗಿಗಳನ್ನು ನೋಡಲು ಬಿಡುವುದೂ ಆ ಹೊತ್ತಿನಲ್ಲೇ ಎಂದು ಆಮೇಲೆ ನೆನಪಾಯಿತು. ಅವಳು ಬಂದು ಕೇಳಿದ್ದರೆ ಬದಲಾಯಿಸುತ್ತಿದ್ದೆ. ಕೇಳಲಿಲ್ಲ. ಪಟ್ಟಿ ನೋಡಿ "ಸರಿ" ಎಂದಳಂತೆ.

ಒಮ್ಮೆ ಬಂದು ಕೇಳಿದರೆ ಏನು ಹೋಗುತ್ತಿತ್ತು?

೨೬ ಆಗಸ್ಟ್, ಭಾನುವಾರ

ಕುಂಬಾರಕೊಪ್ಪಲಿಗೆ ಹೋಗಿದ್ದೆ. ಅವ್ವ ಮನೆಯಲ್ಲಿರಲಿಲ್ಲ. ಹೊತ್ತು ಮುಳುಗುವಾಗ ಖಾಲಿ ಚೊಂಬು ಹಿಡಿದು ಬಂದಳು.

"ಎಲ್ಲಿಗೆ ಹೋಗಿದ್ದೆ?"

"ಆಸ್ಪತ್ರೆಗೆ ಕಣವ್ವ. ಆ ಕಮಲಮ್ಮನ ಯಜಮಾನ್ರಿಗೆ ಒಂದೀಟು ಆಲು ಕೊಟ್ಬುಟ್ ಬಂದೆ. ಪಾಪ, ವಾರದ್ ದಿನ ಆಯಮ್ಮುಂಗೆ ಬರಕ್ಕಾಗಕಿಲ್ವಂತೆ, ಇಸ್ಕೂಲಲ್ಲಿ ಏನೋ ಎಚ್ಚಿನ ಪಾಠವಂತೆ. ಆವಯ್ಯ ಬಾಗ್ಲು ಕಡೀಕೇ ನೋಡ್ಕಂಡ್ ಮಲಗಿರ್ತಾರೆ. ಅದ್ಕೇ ದಿನಾ ನಾನೇ ಓಗ್ಬುಟ್ ಬತ್ತೀನಿ."

"ಅಂಟುರೋಗ ಅವ್ವ" ಎಂದೆ.

"ದೂರ್ದಲ್ಲೇ ಮಡಗ್ಬುಟ್ ಬತ್ತೀನಿ ಬುಡು. ಗಡಿಗೆ ಒತ್ಕಂಡ್ ಓದಾಗ ಅವರವ್ವ ಒಂದ್ ದಿನಾನಾದ್ರೂ ನನ್ನ ಬಿಸ್ಲಲ್ಲಿ ನಿಲ್ಸಿದ್ದುಂಟಾ? ನೀರ್ ಮಜ್ಜಿಗೆ ಕೊಟ್ಟೇ ಕಳಿಸ್ತಿದ್ರು."

ಆ ಹೆಚ್ಚಿನ ಪಾಠ ಹಾಕಿದವಳು ನಾನೇ ಎಂದು ಅವ್ವನಿಗೆ ಗೊತ್ತಿಲ್ಲ. ಕಮಲ ಹೇಳಿಲ್ಲ. ಅದೇಕೆ ಹೇಳಿಲ್ಲ? ದೊಡ್ಡತನ ತೋರಿಸುವುದಕ್ಕೇ ಇರಬೇಕು. ಅವ್ವ ಬಡಿಸಿದ ಮುದ್ದೆ ಅರ್ಧಕ್ಕೇ ಬಿಟ್ಟು ಬಂದೆ.

೨೪ ಸೆಪ್ಟೆಂಬರ್

ಇನ್‌ಸ್ಪೆಕ್ಟರು ಬಂದೇಬಿಟ್ಟರು. ಎಲ್ಲವೂ ಸುಸೂತ್ರವಾಗಿ ನಡೆಯಿತು. ಹಾಜರಿ, ಕಟ್ಟಡ, ಕುಡಿಯುವ ನೀರು, ಯಾವುದರಲ್ಲೂ ಕೊರತೆ ಕಾಣಲಿಲ್ಲ. ಹೈಸ್ಕೂಲಿಗೆ ಶಿಫಾರಸು ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಿದರು. ಏಕಾಂತಯ್ಯನವರು ಎಲ್ಲರೆದುರು ನನಗೆ ಕೈಮುಗಿದರು.

ಹೊರಡುವಾಗ ಇನ್‌ಸ್ಪೆಕ್ಟರು ಕಾರಿನ ಬಾಗಿಲು ಹಿಡಿದುಕೊಂಡು, "ನಿಮ್ಮ ಕಮಲಮ್ಮನವರ ತರಗತಿಯಲ್ಲಿ ಕೂತವನಿಗೆ ಏಳೋದಕ್ಕೇ ಮನಸ್ಸು ಬರಲಿಲ್ಲ ಕಣ್ರೀ. ಮಕ್ಕಳು ಕವಿತೆ ಓದೋ ರೀತಿಯೇ ಬೇರೆ" ಎಂದರು.

ಮಿಕ್ಕದ್ದು ಬರೆಯಲು ಮನಸ್ಸಿಲ್ಲ.

೨೫ ಸೆಪ್ಟೆಂಬರ್

ಕಮಲ ಬೆಳಿಗ್ಗೆ ನನ್ನ ಕೋಣೆಗೆ ನುಗ್ಗಿ, "ಗೆದ್ದುಬಿಟ್ಯಲ್ಲೇ ಮಂಗಳಾ!" ಎಂದು ಎರಡೂ ಕೈ ಹಿಡಿದುಕೊಂಡಳು. ಜವಾನ ಅಲ್ಲೇ ಇದ್ದ. ಕೈ ಬಿಡಿಸಿಕೊಂಡೆ. ಅವಳ ಮುಖ ಸಣ್ಣದಾಯಿತು. ಆಗಲಿ. ಎಷ್ಟು ಸಲ ಹೇಳುವುದು?

೧೬ ಅಕ್ಟೋಬರ್

ದಸರಾ ಮುಗಿಯಿತು. ಜಂಬೂಸವಾರಿ ನೋಡಲು ಏಕಾಂತಯ್ಯನವರ ಅಂಗಡಿಯ ಮಹಡಿಯಲ್ಲಿ ನನಗೆ ಕುರ್ಚಿ ಹಾಕಿಸಿದ್ದರು. ಕೆಳಗೆ ಜನಜಂಗುಳಿ. ಅದರಲ್ಲಿ ಅವ್ವ, ಸಿದ್ದರಾಜು, ಅವರ ಪಕ್ಕದಲ್ಲಿ ಕಮಲ. ಅವ್ವನಿಗೆ ಆನೆ ಕಾಣಲೆಂದು ಕಮಲ ಅವಳನ್ನು ಕಟ್ಟೆಯ ಮೇಲೆ ಹತ್ತಿಸಿ ಸೊಂಟ ಹಿಡಿದು ನಿಂತಿದ್ದಳು. ಅಂಬಾರಿ ಹೋದದ್ದು ನನಗೆ ಗೊತ್ತಾಗಲೇ ಇಲ್ಲ.

೧೫ ನವೆಂಬರ್, ಗುರುವಾರ

ಇಂದಿನ ಅವಮಾನ ಹೇಗೆ ಬರೆಯಲಿ?

ಮಧ್ಯಾಹ್ನದ ಬಿಡುವಿನಲ್ಲಿ ಅವ್ವ ಶಾಲೆಗೇ ಬಂದುಬಿಟ್ಟಳು. ಮೂರು ಭಾನುವಾರ ನಾನು ಹೋಗಿರಲಿಲ್ಲ, ಕೆಲಸವಿತ್ತು. ಮಾಸಿದ ಸೀರೆ, ಕೈಯಲ್ಲಿ ಚೊಂಬು. ನಾನು ಶಾಲೆಯ ಕಮಿಟಿಯ ಇಬ್ಬರು ಸದಸ್ಯರೊಂದಿಗೆ ಕಾರಿಡಾರಿನಲ್ಲಿದ್ದೆ. ದೂರದಿಂದಲೇ, "ಮಂಗಳೀ, ಜ್ವರಗಿರ ಬಂದೈತಾ ಏನವ್ವಾ? ಬರ್ನೇ ಇಲ್ವಲ್ಲ. ಎಮ್ಮೆ ಈದೈತೆ, ಗಿಣ್ಣಾಲು ತಂದಿವ್ನಿ" ಎಂದಳು. ಹುಡುಗಿಯರು ಕಿಸಕ್ಕೆಂದರು. ಸದಸ್ಯರಲ್ಲೊಬ್ಬರು, "ಯಾರು ಇವರು?" ಎಂದರು.

"ಮನೆಗೆ ಹಾಲು ಕೊಡುವವರು" ಎಂದೆ.

ಸುಳ್ಳೇನಲ್ಲ. ಅವ್ವ ಹಾಲು ಕೊಡುವವಳೇ. ಆ ಗಳಿಗೆಯಲ್ಲಿ ಬೇರೇನು ಹೇಳಲು ಸಾಧ್ಯವಿತ್ತು?

ಅವ್ವ ಅಲ್ಲೇ ನಿಂತಳು. ಅಷ್ಟರಲ್ಲಿ ಸ್ಟಾಫ್ ರೂಮಿನಿಂದ ಕಮಲ ಎದ್ದು ಬಂದು, "ಬನ್ನಿ ಲಕ್ಷ್ಮಮ್ಮನವರೇ, ಬಿಸಿಲಲ್ಲಿ ಬಂದಿದ್ದೀರಿ" ಎಂದು ಕೈಹಿಡಿದು ಒಳಗೆ ಕರೆದೊಯ್ದಳು. ತನ್ನ ಕುರ್ಚಿಯಲ್ಲೇ ಕೂರಿಸಿ, ತಾನು ನಿಂತುಕೊಂಡೇ ನೀರು ಕೊಟ್ಟಳು. ನನಗೆ ಒಂದು ದಿನವೂ ಏಳದವಳು! ಎಲ್ಲರೂ ನೋಡಲಿ ಎಂದೇ ಮಾಡಿದ್ದು. ನನ್ನ ಮುಖಕ್ಕೆ ಮಸಿ ಬಳಿಯಲು ಅವಳಿಗೆ ಬೇರೆ ದಾರಿ ಬೇಕಿರಲಿಲ್ಲ.

ಸದಸ್ಯರನ್ನು ಕಳಿಸಿ ಬಂದು ಅವ್ವನನ್ನು ಗೇಟಿನವರೆಗೆ ಕರೆದುಕೊಂಡು ಹೋದೆ. "ಇನ್ನು ಮೇಲೆ ಶಾಲೆಯ ಹತ್ತಿರ ಬರಬೇಡ. ಬಂದರೂ 'ಆಲು ಗೀಲು' ಅನ್ನಬೇಡ. 'ಹಾಲು' ಅನ್ನು" ಎಂದೆ.

"ನನ್ ನಾಲ್ಗೆ ಇನ್ಯಾವತ್ತು ತಿರುಗಾತು ಮಗಳೇ" ಎಂದಳು. ಚೊಂಬು ಕೊಡಲು ಬಂದಳು. ಜವಾನ ನೋಡುತ್ತಿದ್ದ. "ಮನೆಗೇ ಬರ್ತೀನಿ, ಹೋಗು" ಎಂದೆ. ಚೊಂಬನ್ನು ಹಾಗೇ ವಾಪಸು ತೆಗೆದುಕೊಂಡು ಹೋದಳು.

೧೭ ನವೆಂಬರ್

ತಲೆನೋವು. ಇಂದು ನಾನು ಹೋದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಎದ್ದರು. ಆದರೆ ನನ್ನ ಮುಖ ನೋಡಲಿಲ್ಲ.

೧೦ ಡಿಸೆಂಬರ್, ಸೋಮವಾರ

ಮಂಜೂರಾತಿ ಬಂತು! ಮುಂದಿನ ಜೂನಿನಿಂದ ಹೈಸ್ಕೂಲು. ಏಕಾಂತಯ್ಯನವರು ಮೈಸೂರುಪಾಕಿನ ಪೊಟ್ಟಣ ಹಿಡಿದು ಓಡಿಬಂದರು. ನಾನು ಕುಣಿದಾಡಬೇಕಿತ್ತು. ಪೊಟ್ಟಣ ಬಿಚ್ಚುತ್ತಲೇ, ಕಮಲ ಇದನ್ನೂ "ಗೆದ್ದುಬಿಟ್ಯಲ್ಲೇ" ಎಂದು ಹಾಳುಮಾಡುತ್ತಾಳಲ್ಲ ಎಂಬ ಯೋಚನೆ ಬಂತು. ಬಾಯಲ್ಲಿಟ್ಟ ಸಿಹಿ ಮಣ್ಣಿನ ಹಾಗಿತ್ತು.

ಸಂಜೆ ಕಮಿಟಿ ಸಭೆ. ದೂರದ ಸರಗೂರಿನಲ್ಲಿ ಏಕಾಂತಯ್ಯನವರು ನಡೆಸುವ ಚಿಕ್ಕ ಶಾಲೆಗೆ ಇಲ್ಲಿಂದ ಒಬ್ಬ ಉಪಾಧ್ಯಾಯಿನಿಯನ್ನು ಕಳಿಸಬೇಕಂತೆ. "ಯಾರನ್ನು ಕಳಿಸೋಣ, ನೀವೇ ಹೇಳಿ" ಎಂದರು.

"ಕಮಲಮ್ಮನವರನ್ನು" ಎಂದೆ. ಧ್ವನಿ ಸ್ವಲ್ಪವೂ ಅಲುಗಲಿಲ್ಲ.

ಏಕಾಂತಯ್ಯನವರು ಕನ್ನಡಕ ತೆಗೆದರು. "ಅವರ ಯಜಮಾನರು ಆಸ್ಪತ್ರೇಲಿದ್ದಾರೆ ಅಂತ ಕೇಳಿದ್ದೆನಲ್ಲ?"

"ಈಗ ಗುಣವಾಗಿದೆ. ಇನ್ನೇನು ಮನೆಗೆ ಬರುತ್ತಾರೆ. ಅಲ್ಲಿನ ಗಾಳಿ ಅವರಿಗೂ ಒಳ್ಳೆಯದು."

"ಹಾಗಾದ್ರೆ ಸರಿ. ನಿಮಗೆ ಗೊತ್ತಿರುತ್ತೆ" ಎಂದರು.

ಗುಣವಾಗುತ್ತದೆ ಎಂದು ಎಲ್ಲರೂ ಹೇಳುತ್ತಲೇ ಇದ್ದಾರಲ್ಲ. ಶಾಲೆಯ ಹಿತ ಮೊದಲು.

೧೪ ಡಿಸೆಂಬರ್

ಕಮಲಮ್ಮ ಬಾಗಿಲಲ್ಲಿ ನಿಂತು, "ಒಳಗೆ ಬರಬಹುದೆ ಮೇಡಂ?" ಎಂದರು.

ಮೇಡಂ! ಜೂನಿನಿಂದ ಈ ಒಂದು ಮಾತಿಗೆ ಕಾದಿದ್ದೆ. ಬಂದಾಗ ಎದೆ ತಂಪಾಗುತ್ತದೆ ಎಂದುಕೊಂಡಿದ್ದೆ. ಎದೆ ಡವಡವ ಹೊಡೆದುಕೊಳ್ಳತೊಡಗಿತು, ಅಷ್ಟೆ.

"ಸರಗೂರಿಗೆ ಹೋಗೋದು ಬೇಸಿಗೆಯವರೆಗೆ ಮುಂದೆ ಹಾಕಲು ಸಾಧ್ಯವೇ? ಡಾಕ್ಟರು ಈ ಚಳಿಗಾಲ ಕಳೀಬೇಕು ಅಂತಾರೆ. ನಾನು ವಾರಕ್ಕೊಮ್ಮೆಯಾದರೂ ಕಣ್ಣಿಗೆ ಬೀಳದಿದ್ದರೆ ಅವರು ಊಟ ಬಿಟ್ಟುಬಿಡ್ತಾರೆ." ನಿಂತೇ ಇದ್ದರು. ಕೂರಿ ಎಂದು ನಾನು ಹೇಳಲಿಲ್ಲ.

"ಕಮಿಟಿಯ ತೀರ್ಮಾನ" ಎಂದೆ.

"ನೀವು ಒಂದು ಮಾತು ಹೇಳಿದರೆ ಸಾಕು."

ಆಗ ನನ್ನ ಬಾಯಿಂದ ಬಂದೇಬಿಟ್ಟಿತು. "ಕಾಲೇಜಿನಲ್ಲಿ ನನ್ನನ್ನು ಏನೆಂದು ಕರೆಯುತ್ತಿದ್ದಿರಿ, ಜ್ಞಾಪಕವಿದೆಯೆ?"

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ನಟನೆಯಿರಲಿಲ್ಲ, ಅಷ್ಟು ನಾನು ಬಲ್ಲೆ. "ಮಂಗಳ ಅಂತಲೇ ಅಲ್ಲವೇ?" ಎಂದರು.

"ಆಲು. ಆಲು ಬಂತು ಆಲು."

ಅವರ ಮುಖ ಬಿಳಿಚಿಕೊಂಡಿತು. "ಅಂದಿರಬೇಕು. ಹುಡುಗಾಟ. ನನಗೆ ನೆನಪೂ ಇಲ್ಲವಲ್ಲೇ... ಇಷ್ಟು ವರ್ಷ ಅದನ್ನ ಇಟ್ಕೊಂಡಿದ್ಯಾ? ತಪ್ಪಾಯ್ತು ಮಂಗಳಾ. ನಿಜವಾಗಿ ತಪ್ಪಾಯ್ತು" ಎಂದರು. ಕಣ್ಣಲ್ಲಿ ನೀರು.

ಕೆಲಸ ಆಗಬೇಕಾದಾಗ ಕೇಳುವ ಕ್ಷಮೆಗೆ ಏನು ಬೆಲೆ? ನಾನು ಅಷ್ಟು ವರ್ಷ ಹೊತ್ತದ್ದು ಅವರಿಗೆ ನೆನಪೇ ಇಲ್ಲ! ಮತ್ತೆ 'ಮಂಗಳಾ' ಬೇರೆ.

"ಸರಗೂರಿನಲ್ಲಿ ಜನವರಿ ಮೊದಲ ವಾರ ಸೇರಬೇಕು" ಎಂದೆ.

೭ ಜನವರಿ ೧೯೫೭

ಕಮಲಮ್ಮ ಸರಗೂರಿಗೆ ಹೋಗಲಿಲ್ಲ. ರಾಜೀನಾಮೆ ಕೊಟ್ಟರು. ಹುಡುಗಿಯರು ಗೇಟಿನ ಹತ್ತಿರ ನಿಂತು ಅತ್ತರು. ಮೂರನೆಯ ಗಂಟೆ ಹೊಡೆದರೂ ತರಗತಿಗೆ ಹೋಗಲಿಲ್ಲ. ನಾನೇ ಬೆತ್ತ ಹಿಡಿದು ಹೋಗಬೇಕಾಯಿತು.

ಇನ್ನು ಮೇಲೆ ನೆಮ್ಮದಿ.

೧೪ ಫೆಬ್ರವರಿ

ಕಮಲಮ್ಮನ ತರಗತಿಯನ್ನು ನಾನೇ ತೆಗೆದುಕೊಳ್ಳುತ್ತಿದ್ದೇನೆ. ಮಕ್ಕಳು ಗೊಂಬೆಗಳಂತೆ ಕೂತಿರುತ್ತಾರೆ. ಪ್ರಶ್ನೆ ಕೇಳುವುದಿಲ್ಲ. ಇಂದು ಸುಮಿತ್ರ ಮತ್ತೆ 'ಅಕ್ಕಿ ಆರಿತು' ಎಂದು ಓದಿದಳು. ಎಷ್ಟು ಸಲ ತಿದ್ದುವುದು? ಬೇಕೆಂದೇ ಹೇಳಿದಳೆನಿಸಿತು, ನನ್ನ ಮುಖವನ್ನೇ ನೋಡುತ್ತ ಹೇಳಿದಳು. ಬೆಂಚಿನ ಮೇಲೆ ನಿಲ್ಲಿಸಿ, ಗಂಟೆ ಹೊಡೆಯುವವರೆಗೂ 'ಹ' ಹೇಳಿಸಿದೆ. ಕೊನೆಕೊನೆಗೆ ಅವಳ ಬಾಯಿಂದ ಗಾಳಿಯೂ ಬರಲಿಲ್ಲ, ಶಬ್ದವೂ ಬರಲಿಲ್ಲ. ಯಾರೂ ನಗಲಿಲ್ಲ. ಶಿಸ್ತು ಬಂದಿದೆ.

೨೫ ಫೆಬ್ರವರಿ

ಸುಮಿತ್ರ ಶಾಲೆಗೆ ಬರುತ್ತಿಲ್ಲ. ವಿಚಾರಿಸಲು ಕಳಿಸಿದ್ದೆ. "ಮಗು ಬರಾಕಿಲ್ಲ ಅಂತದೆ" ಎಂದರಂತೆ ಮನೆಯವರು. ಕೆಸರೆಯ ಜನಕ್ಕೆ ವಿದ್ಯೆಯ ಬೆಲೆ ಗೊತ್ತಿಲ್ಲ.

೧೭ ಮಾರ್ಚ್, ಭಾನುವಾರ

ಸಿದ್ದರಾಜು ಬಂದಿದ್ದ. ಹೊರಗಿನ ಜಗಲಿಯ ತುದಿಯಲ್ಲೇ ಕೂತ. ಒಳಗೆ ಬಾ ಎಂದರೂ ಬರಲಿಲ್ಲ.

"ಅಕ್ಕ, ಒಂದ್ ಮಾತು. ಬೇರೆಯವರಿಂದ ಗೊತ್ತಾಗೋದ್ ಬ್ಯಾಡ ಅಂತ ಬಂದೆ. ಕಮಲಮ್ಮೋರು ಅಗ್ರಹಾರದ ಬಾಡಿಗೆ ಮನೆ ಬಿಟ್ಬುಟ್ರು. ಅವ್ವ ನಮ್ಮನೆ ಮುಂದ್ಗಡೆ ಕೋಣೆ ಕೊಟ್ಟವ್ಳೆ. ಅಲ್ಲಿಂದ ಆಸ್ಪತ್ರೆ ಅತ್ರ."

ಅದು ನನ್ನ ಕೋಣೆ. ನಾನು ಓದಿದ ಕೋಣೆ.

"ಅವ್ವನಿಗೆ ಬುದ್ಧಿಯಿದೆಯೇನೋ? ಆ ಕಮಲ ನನಗೆ ಏನು ಮಾಡಿದಳೆಂದು ನಿಮಗೆ ಗೊತ್ತೇ?" ಎಂದೆ.

"ಏನ್ ಮಾಡಿದ್ರು?" ಎಂದ ಸಿದ್ದರಾಜು. ನಿಜವಾಗಿ ತಿಳಿಯಬೇಕೆಂದೇ ಕೇಳಿದ.

ಹೇಳಲು ಹೊರಟೆ. 'ಆಲು ಎಂದಳು, ಏಕವಚನದಲ್ಲಿ ಕರೆದಳು, ಏಳಲಿಲ್ಲ.' ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಅದನ್ನು ಅನುಭವಿಸಿದವರಿಗೇ ಗೊತ್ತು. ಬಾಯಲ್ಲಿ ಹೇಳಿದರೆ ಸಣ್ಣದಾಗಿ ಕೇಳುತ್ತದೆ. "ನಿನಗೆ ಅರ್ಥವಾಗುವುದಿಲ್ಲ" ಎಂದೆ.

"ಅವ್ವಂಗೆ ಎಲ್ಲಾ ಗೊತ್ತಾಯ್ತು ಅಕ್ಕ. ಆ ಎಚ್ಚಿನ ಪಾಠ ಹಾಕಿದ್ದು ಯಾರು ಅಂತ್ಲೂವೆ. ಕಮಲಮ್ಮೋರು ಏಳ್ನಿಲ್ಲ. ನಿಮ್ಮ ಇಸ್ಕೂಲ್ ಜವಾನ ಏಳ್ದ." ಕಾಫಿ ಕುಡಿಯದೆ ಎದ್ದುಹೋದ.

೧೮ ಮಾರ್ಚ್

ಜವಾನನಿಗೆ ಎಚ್ಚರಿಕೆ ಕೊಟ್ಟೆ.

೨೦ ಮೇ

ಮಿಡ್ಲ್ ಸ್ಕೂಲಿನ ಕೊನೆಯ ಎಲ್.ಎಸ್. ಪರೀಕ್ಷೆಯಲ್ಲಿ ನಮ್ಮ ಹುಡುಗಿಯರೆಲ್ಲ ತೇರ್ಗಡೆ. ಕನ್ನಡದಲ್ಲಂತೂ ಅಂಕಗಳ ಸುರಿಮಳೆ. ಏಕಾಂತಯ್ಯನವರ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. "ಎಲ್ಲಾ ನಿಮ್ಮ ಪುಣ್ಯ ಅಮ್ಮಾ" ಎಂದರು. ಆಮೇಲೆ ಸ್ವಲ್ಪ ತಡೆದು, "ಆ ಕಮಲಮ್ಮನವರ ಯಜಮಾನರು ಗುಣವಾಗಿದ್ದಾರೆ ಅಂದಿದ್ರಿ. ಇನ್ನೂ ಆಸ್ಪತ್ರೇಲೇ ಇದ್ದಾರಂತಲ್ಲ?" ಎಂದರು.

"ಮತ್ತೆ ಕೆಟ್ಟಿರಬೇಕು" ಎಂದೆ. ಇನ್ನು ಮುಂದೆ ಮುಖ್ಯವಾದ ವಿಷಯವನ್ನೆಲ್ಲ ಕಮಿಟಿಯ ಇನ್ನೊಬ್ಬರೂ ನೋಡಲಿ ಎಂದು ಹೋಗುವಾಗ ಹೇಳಿದರು. ನಿಮಗೆ ಹೊರೆ ಕಡಿಮೆಯಾಗಲಿ ಎಂದು.

೩ ಜೂನ್ ೧೯೫೭, ಸೋಮವಾರ

ಹೈಸ್ಕೂಲಿನ ಪ್ರಾರಂಭೋತ್ಸವ.

ಚಪ್ಪರ, ತಳಿರು, ನಾಗಸ್ವರ. ವೇದಿಕೆಯ ಮೇಲೆ ನನಗೆ ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ಮಾತಾಡಿದವರೆಲ್ಲ ನನ್ನ ಹೆಸರೆತ್ತಿದರು. ನನ್ನ ಭಾಷಣದಲ್ಲಿ ಒಂದು 'ಹ'ಕಾರವೂ ತಪ್ಪಲಿಲ್ಲ.

ಮುಂದಿನ ಸಾಲಿನಲ್ಲಿ ಅವ್ವನಿಗೆಂದು ಒಂದು ಕುರ್ಚಿ ಕಾದಿರಿಸಲು ಹೇಳಿದ್ದೆ. ಬರಲಿಲ್ಲ. ಯಾರೋ ವರ್ತಕರ ಮನೆಯ ಹೆಂಗಸು ತನ್ನ ಕೈಚೀಲವನ್ನು ಅದರ ಮೇಲಿಟ್ಟುಕೊಂಡಳು. ಭಾಷಣ ಮಾಡುವಷ್ಟು ಹೊತ್ತೂ ನನ್ನ ಕಣ್ಣು ಆ ಕೈಚೀಲದ ಮೇಲೆಯೇ ಇತ್ತು.

ಸಮಾರಂಭ ಮುಗಿದು ಹಾರವನ್ನು ಮನೆಗೆ ತಂದೆ. ತೋರಿಸಲು ಯಾರೂ ಇಲ್ಲ. ಗೋಡೆಯ ಮೊಳೆಗೆ ಹಾಕಿದ್ದೇನೆ.

೯ ಜೂನ್, ಭಾನುವಾರ

ಕುಂಬಾರಕೊಪ್ಪಲಿಗೆ ಹೋಗಿ ಬಂದೆ.

ಹಣ್ಣು, ಅವ್ವನಿಗೊಂದು ಹೊಸ ಸೀರೆ ತೆಗೆದುಕೊಂಡಿದ್ದೆ. ಬೀದಿಯ ತಿರುವಿನಲ್ಲೇ ಮಕ್ಕಳ ಧ್ವನಿ ಕೇಳಿಸಿತು. ನಮ್ಮ ಮನೆಯ ಜಗಲಿಯ ಮೇಲೆ ಕಮಲಮ್ಮ ಒಂದಷ್ಟು ಹುಡುಗಿಯರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಅವರ ನಡುವೆ ಕೆಸರೆಯ ಸುಮಿತ್ರ. ಜೋರಾಗಿ ಏನೋ ಓದುತ್ತಿದ್ದವಳು ನನ್ನನ್ನು ಕಂಡು ತಟ್ಟನೆ ನಿಲ್ಲಿಸಿ ಪಕ್ಕದವಳ ಹಿಂದೆ ಸರಿದಳು.

ಕಮಲಮ್ಮ ಎದ್ದು ನಿಂತರು. "ಬನ್ನಿ ಮೇಡಂ" ಎಂದರು. ಅಶ್ವತ್ಥ ಅವರು ಈಗ ಆಸ್ಪತ್ರೆಯ ಅಂಗಳದಲ್ಲಿ ಓಡಾಡುತ್ತಾರೆ, ಇನ್ನೊಂದು ತಿಂಗಳಿಗೆ ಬಿಡಬಹುದು ಎಂದು ನಾನು ಕೇಳಿದ ಮೇಲೆ ಹೇಳಿದರು. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸಲಿಗೆಯೂ ಕಾಣಲಿಲ್ಲ.

ಒಳಗೆ ಹೋದೆ. ಅವ್ವ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಸೆರಗು ಸರಿಮಾಡಿಕೊಂಡು, "ಬನ್ನಿ, ಬನ್ನಿ. ಕುಂತ್ಕಳಿ" ಎಂದಳು.

ನನ್ನ ಹಿಂದೆ ಯಾರು ಬಂದರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಏನವ್ವ ಇದು?"

"ಏನಿಲ್ಲ. ದೊಡ್ಡೋರಾಗಿದ್ದೀರಿ. ಅಲ್ಲಿ ಬ್ಯಾಡಿ, ಸಗಣಿ ಸಾರ್ಸಿ ಇನ್ನೂ ಒಣಗಿಲ್ಲ" ಎಂದು ಒಳಗಿನಿಂದ ಹೊಸ ಚಾಪೆ ತಂದು ಹಾಸಿದಳು. ನೆಂಟರು ಬಂದಾಗ ಹಾಸುವ ಚಾಪೆ. ಧ್ವನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

"ಪ್ರಾರಂಭೋತ್ಸವಕ್ಕೆ ಯಾಕೆ ಬರಲಿಲ್ಲ? ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದೆ."

"ಇಸ್ಕೂಲ್ ತಾವ್ಕೆ ಬರ್ಬ್ಯಾಡ ಅಂದಿದ್ರಲ್ಲ."

"ಅದು ಆವತ್ತಿನ ಮಾತು ಅವ್ವ."

"ಇರ್ಬೋದು" ಎಂದಳು. ಹಾಲು ಕಾಯಿಸಿ ಸಕ್ಕರೆ ಹಾಕಿ ಹಿತ್ತಾಳೆಯ ಲೋಟದಲ್ಲಿ ತಂದುಕೊಟ್ಟಳು. ನಾನು ಕುಡಿಯುವವರೆಗೂ ಕಂಬಕ್ಕೆ ಒರಗಿ ನಿಂತೇ ಇದ್ದಳು. ಸೀರೆ ಕೊಟ್ಟೆ. ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯ ಮೇಲಿಟ್ಟಳು. ಬಿಚ್ಚಿ ನೋಡಲಿಲ್ಲ. ಹೊರಗೆ ಹುಡುಗಿಯರು ಮತ್ತೆ ಓದಲು ಶುರುಮಾಡಿದ್ದರು, ಮೆತ್ತಗೆ.

ಇನ್ನೂ ಸ್ವಲ್ಪ ಹೊತ್ತು ಇರೋಣವೆಂದು ಹೋಗಿದ್ದೆ. ಊಟಕ್ಕೆ ಏಳು ಎನ್ನುತ್ತಾಳೆಂದು ಕಾದೆ. "ನಿಮ್ಗೆ ಕೆಲ್ಸ ಇರ್ತದೆ" ಎಂದಳು. ಹೌದು, ಕಮಿಟಿ ಸಭೆಯಿದೆ ಎಂದೆ. ಸಭೆಯೇನೂ ಇರಲಿಲ್ಲ.

ಹೊರಟಾಗ ಅವ್ವ ಬೀದಿಯ ತುದಿಯವರೆಗೂ ಜೊತೆಗೆ ಬಂದಳು. ಹಿಂದೆ ಎಂದೂ ಹಾಗೆ ಬಂದಿರಲಿಲ್ಲ. ಒಲೆಯ ಮುಂದಿನಿಂದಲೇ "ಓಗ್ಬಾ ಮಗ" ಎನ್ನುತ್ತಿದ್ದಳು. ಬಸ್ಸು ಬರುವವರೆಗೂ ಸ್ವಲ್ಪ ದೂರದಲ್ಲಿ ನಿಂತಿದ್ದು, ನಾನು ಹತ್ತುವಾಗ, "ಉಸಾರಾಗಿ ಓಗಿ" ಎಂದು ಕೈಮುಗಿದಳು.

ಇದನ್ನೆಲ್ಲ ಆ ಕಮಲಮ್ಮನೇ ಹೇಳಿಕೊಟ್ಟಿರಬೇಕು.